ಅಲ್ಲಾಡಿಸಿ ನೋಡಲು ಅದೇನು ತೆಂಗಿನಕಾಯಿಯೇ?

ಪ್ರಶ್ನೆ: ಸಾರ್, ನನ್ನ ಭಾವ ಟೆಕ್ಸಾಸ್‌ನಲ್ಲಿದ್ದಾರೆ. ಸೆಮಿ-ಕಸ್ಟಮ್ 1911 ಪಿಸ್ತೂಲ್ ತೆಗೆದುಕೊಳ್ಳಬೇಕಂತೆ. 3 ಸಾವಿರ ಡಾಲರ್‌ಗಿಂತ ಜಾಸ್ತಿ. ಅಷ್ಟು ಕೊಡುವಂಥದ್ದು ಅದರಲ್ಲಿ ಎಂತ ಉಂಟು?
– ಕಾಪುವಿನ ಓದುಗರೊಬ್ಬರು

ಈ ವರ್ಷ ಇದೇ ಪ್ರಶ್ನೆ ನಾಲ್ಕನೇ ಸಲ ಬಂದಿದೆ. ಒಂದು ಸಲ ಭಾವ, ಒಂದು ಸಲ ಮಗ, ಎರಡು ಸಲ "ನನ್ನ ಫ್ರೆಂಡ್". ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸಿಬಿಡುತ್ತೇನೆ.

ಊರಿಗೆ ತರುವ ಆಸೆ ಇದ್ದರೆ ಇಲ್ಲೇ ಬಿಡಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತರುವ ತೋಟದ ಕೋವಿಯ ಕಷ್ಟ ನಿಮಗೆ ಗೊತ್ತೇ ಇದೆ. 1911 ಎಂದರೆ ಅಮೆರಿಕದ ಸೈನ್ಯದ ಹಳೆಯ ಪಿಸ್ತೂಲ್ ಮಾದರಿ, ಸಾಮಾನ್ಯವಾಗಿ .45 ಬೋರ್, ಅಂದರೆ ನಳಿಗೆಯ ಒಳಗಿನ ಅಗಲ ಸುಮಾರು 0.45 ಇಂಚು. ತೋಟದ ಕೋವಿಯ ಲೈಸೆನ್ಸ್‌ನಲ್ಲಿ ಅದು ಬರುವುದಿಲ್ಲ. ಹಾಗಾಗಿ ಈ ಮಾತೆಲ್ಲ ಅಲ್ಲಿರುವ ಭಾವನಿಗೆ.

ಸೆಮಿ-ಕಸ್ಟಮ್ ಎಂದರೇನು? ನಮ್ಮ ಸಿಟಿ ಬಸ್ ನೆನಪಿಸಿಕೊಳ್ಳಿ. ಚಾಸಿ ಕಂಪನಿಯಿಂದ ಬರುತ್ತದೆ. ಬಾಡಿಯನ್ನು ಗ್ಯಾರೇಜಿನಲ್ಲಿ ಕಟ್ಟಿಸುತ್ತಾರೆ. ಬಣ್ಣ, ಸೀಟು, ಮುಂದಿನ ಗಾಜಿನ ಮೇಲಿನ ಹೆಸರು ಎಲ್ಲ ಧಣಿಯ ಇಷ್ಟ. ಆದರೆ ಚಕ್ರ ಎಲ್ಲಿರಬೇಕು ಎಂದು ಧಣಿ ಹೇಳುವಂತಿಲ್ಲ. ಸೆಮಿ-ಕಸ್ಟಮ್ ಪಿಸ್ತೂಲೂ ಹಾಗೆಯೇ. ಮಾದರಿ ಕಂಪನಿಯದ್ದು. ಸೈಟ್ (ಗುರಿ ನೋಡುವ ಗುರುತು), ಗ್ರಿಪ್ (ಹಿಡಿ), ಫಿನಿಶ್ (ಮೇಲಿನ ಲೇಪ), ಟ್ರಿಗರ್ ತೂಕ (ಅದನ್ನು ಒತ್ತಲು ಬೇಕಾದ ಬಲ) ನೀವು ಆರಿಸಿಕೊಳ್ಳುವುದು. ಭಾಗಗಳನ್ನು ಕೆಲಸಗಾರರು ಕೈಯಲ್ಲಿ ಅರ ಹಾಕಿ ಕೂರಿಸುತ್ತಾರೆ. ನೀವು ಕೊಡುವ ದುಡ್ಡಿನ ದೊಡ್ಡ ಪಾಲು ಈ ಅರ ಹಿಡಿದ ಕೈಗೆ ಹೋಗುತ್ತದೆ.

ಈಗ ನನ್ನ ತಲೆ ತಿನ್ನುವ ವಿಷಯ. ಈ ಪ್ರಶ್ನೆಯ ಬಾಲಕ್ಕೆ ಯಾವಾಗಲೂ ಒಂದು ಮಾತು ಅಂಟಿಕೊಂಡಿರುತ್ತದೆ: "ಸ್ಲೈಡ್ ಸ್ವಲ್ಪವೂ ಅಲುಗಾಡಬಾರದು ಅಲ್ವಾ ಸಾರ್? ಬಿಗಿಯಾದಷ್ಟೂ ಗುರಿ ಸರಿ." ಸ್ಲೈಡ್ ಎಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ. ಒಬ್ಬರಂತೂ ವೀಡಿಯೋ ಕಾಲ್‌ನಲ್ಲಿ ಪಿಸ್ತೂಲನ್ನು ಕಿವಿಯ ಹತ್ತಿರ ಹಿಡಿದು, ಸಂತೆಯಲ್ಲಿ ತೆಂಗಿನಕಾಯಿ ನೋಡುವಂತೆ ಅಲ್ಲಾಡಿಸಿ ತೋರಿಸಿದರು. ಸದ್ದು ಬಂತು. ಮೋಸ ಹೋದೆ ಅಂತ ಅವರ ಮುಖ ಸಣ್ಣದಾಯಿತು. ಮೊದಲು ಅದನ್ನು ಕಿವಿಯಿಂದ ಕೆಳಗಿಳಿಸಿ ಮಾರಾಯ್ರೆ ಎಂದೆ.

ಸ್ವಲ್ಪ ಯೋಚನೆ ಮಾಡಿ. ಗುಂಡು ಹೋಗುವುದು ನಳಿಗೆಯಲ್ಲಿ. ನಾವು ಗುರಿ ನೋಡುವುದು ಸೈಟ್‌ನಲ್ಲಿ. 1911ರಲ್ಲಿ ಸೈಟ್ ಎಲ್ಲಿದೆ? ಸ್ಲೈಡ್ ಮೇಲೆ. ಸಿಡಿಯುವ ಹೊತ್ತಿಗೆ ನಳಿಗೆ ಯಾವುದಕ್ಕೆ ಲಾಕ್ ಆಗಿರುತ್ತದೆ? ಅದೇ ಸ್ಲೈಡ್‌ಗೆ. ಅಂದರೆ ನಳಿಗೆ ಮತ್ತು ಸೈಟ್ ಒಂದೇ ದೋಣಿಯಲ್ಲಿ ಕೂತ ಇಬ್ಬರು. ದೋಣಿ ಅಲೆಯ ಮೇಲೆ ಸ್ವಲ್ಪ ಓಲಾಡಿದರೂ ಅವರಿಬ್ಬರ ನಡುವಿನ ಅಂತರ ಬದಲಾಗುವುದಿಲ್ಲ. ಕೆಳಗಿನ ಫ್ರೇಮ್ (ನಾವು ಕೈಯಲ್ಲಿ ಹಿಡಿಯುವ ಭಾಗ) ಮತ್ತು ಸ್ಲೈಡ್ ನಡುವೆ ಕೂದಲೆಳೆಯ ಸಂದು ಇದ್ದರೆ ಗುರಿಗೆ ಆಗುವ ನಷ್ಟ ಬಹಳ ಕಡಿಮೆ.

ನೋಡಬೇಕಾದ್ದು ಬೇರೆ. ನಳಿಗೆಯ ಬಾಯಿ ಬುಶಿಂಗ್‌ನಲ್ಲಿ, ಅಂದರೆ ಅದನ್ನು ಸ್ಲೈಡ್‌ನ ಮುಂತುದಿಯಲ್ಲಿ ಹಿಡಿಯುವ ಬಳೆಯಲ್ಲಿ, ಸರಿಯಾಗಿ ಕೂತಿದೆಯಾ? ಹಿಂಭಾಗ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಲಾಕ್ ಆಗುತ್ತದೆಯಾ? ಖಾಲಿ ಪಿಸ್ತೂಲ್, ಖಾಲಿ ಎಂದು ಎರಡು ಸಲ ನೋಡಿ ಖಚಿತ ಮಾಡಿಕೊಂಡ ಪಿಸ್ತೂಲ್, ತೆಗೆದುಕೊಳ್ಳಿ. ಸ್ಲೈಡ್ ಮುಚ್ಚಿರುವಾಗ, ಖಾಲಿ ಕೇಸು ಹೊರಬೀಳುವ ಕಿಂಡಿಯಲ್ಲಿ ಕಾಣುವ ನಳಿಗೆಯ ಹಿಂತುದಿಯನ್ನು ಹೆಬ್ಬೆರಳಿನಿಂದ ಕೆಳಗೆ ಒತ್ತಿ. ಸ್ಪ್ರಿಂಗಿನಂತೆ ಬಗ್ಗಿ ಮೇಲೆ ಬಂದರೆ ಆಗ ಚಿಂತೆ ಮಾಡಿ. ಗಲಗಲ ಸದ್ದಿಗಲ್ಲ.

ಹಾಗಾದರೆ ಈ ನಂಬಿಕೆ ಬಂದದ್ದೆಲ್ಲಿಂದ? ಪೂರ್ತಿ ಸುಳ್ಳಾಗಿದ್ದರೆ ಯಾವತ್ತೋ ಸಾಯುತ್ತಿತ್ತು. ಪಿಸ್ತೂಲಿನ ನಿಖರತೆ ಅಳೆಯಲು ಅದನ್ನು ಯಂತ್ರಕ್ಕೆ ಬಿಗಿದು ಹೊಡೆಯುತ್ತಾರೆ. ಯಂತ್ರ ಹಿಡಿಯುವುದು ಫ್ರೇಮನ್ನು. ಅದಕ್ಕೆ ಕಣ್ಣಿಲ್ಲ, ಸೈಟ್ ನೋಡುವುದಿಲ್ಲ. ಸ್ಲೈಡ್ ಪ್ರತಿ ಸಲ ಒಂಚೂರು ಬೇರೆ ಕಡೆ ನಿಂತರೆ ಗುಂಡುಗಳು ಚೆದುರುತ್ತವೆ. ಹಾಗಾಗಿ ಯಂತ್ರದ ಮೇಲೆ ಬಿಗಿ ಪಿಸ್ತೂಲೇ ಗೆಲ್ಲುತ್ತದೆ. ಮನುಷ್ಯನಾದರೆ ಪ್ರತಿ ಗುಂಡಿಗೂ ಸೈಟ್ ನೋಡಿ ಸರಿ ಮಾಡಿಕೊಳ್ಳುತ್ತಾನೆ. ಯಂತ್ರದ ಫಲಿತಾಂಶವನ್ನು ಮನುಷ್ಯನಿಗೆ ಅಂಟಿಸಿದ್ದೇ ಎಡವಟ್ಟು.

ಇನ್ನೊಂದು. ಜಾನ್ ಬ್ರೌನಿಂಗ್ ಮಾಡಿದ ಈ ಪಿಸ್ತೂಲನ್ನು ಅಮೆರಿಕದ ಸೈನ್ಯ 1911ರಲ್ಲಿ ಒಪ್ಪಿಕೊಂಡಿತು. ಅದಕ್ಕೂ ಮುಂಚಿನ ಪರೀಕ್ಷೆಯಲ್ಲಿ 6,000 ಗುಂಡು ಹೊಡೆದರೂ ಅದು ಕೈಕೊಡಲಿಲ್ಲ. ಸೈನ್ಯಕ್ಕೆ ಬೇಕಾದದ್ದು ಒಂದು ಕಾರ್ಖಾನೆಯ ಭಾಗ ಇನ್ನೊಂದು ಕಾರ್ಖಾನೆಯ ಪಿಸ್ತೂಲಿಗೂ ಕೂರುವುದು, ಕೆಸರಿನಲ್ಲೂ ಓಡುವುದು. ಅದಕ್ಕೇ ಆ ಸಡಿಲು. ತೀರಾ ಬಿಗಿ ಮಾಡಿದರೆ ಮೊದಲ ಕೆಲವು ನೂರು ಗುಂಡು ಅದು ಪಳಗಲಿಕ್ಕೇ ಬೇಕು. ಎಣ್ಣೆ ಒಣಗಿದರೆ ಸಿಕ್ಕಿಕೊಳ್ಳುತ್ತದೆ.

ಹಾಗಂತ ಬಿಗಿಯಾದದ್ದು ಕೆಟ್ಟದ್ದು ಎಂದು ನಾನು ಹೇಳಿಲ್ಲ. ನಾಳೆ ಇದನ್ನೇ ತಿರುಚಿ ಪತ್ರ ಬರುತ್ತದೆ, ಗೊತ್ತು. ಸ್ಲೈಡ್ ಬಿಗಿ ಕೂರಿಸುವಷ್ಟು ತಾಳ್ಮೆ ಇರುವವನು ನಳಿಗೆಯನ್ನೂ ಸರಿಯಾಗಿ ಕೂರಿಸಿರುತ್ತಾನೆ. ಅಷ್ಟರ ಮಟ್ಟಿಗೆ ಅದು ಒಳ್ಳೆಯ ಗುರುತು. ಲೆಸ್ ಬೇರ್ ಎಂಬ ಕಂಪನಿ 50 ಗಜದಲ್ಲಿ 3 ಇಂಚಿನೊಳಗೆ ಗುಂಡು ಬೀಳುತ್ತದೆ ಎಂದು ಖಾತ್ರಿ ಕೊಡುತ್ತದೆ, ಜಾಸ್ತಿ ದುಡ್ಡಿಗೆ ಒಂದೂವರೆ ಇಂಚು. ಭಾವ 50 ಗಜದಲ್ಲಿ ಎಷ್ಟು ಇಂಚಿನೊಳಗೆ ಹೊಡೆಯುತ್ತಾರೆ ಎಂದು ಮೊದಲು ಕೇಳಿ. ಉತ್ತರ ಬರಲು ತಡವಾದರೆ ಆ ಒಂದೂವರೆ ಇಂಚಿನ ದುಡ್ಡು ಉಳಿಯಿತು.

ನಾನಾದರೆ ಯಾವುದಕ್ಕೆ ಖರ್ಚು ಮಾಡುತ್ತೇನೆ? ಟ್ರಿಗರ್‌ಗೆ, ಕಣ್ಣು ಮುಚ್ಚಿಕೊಂಡು. ಒಂದೂವರೆ ಕಿಲೋ ಚಿಲ್ಲರೆ ಒತ್ತಡಕ್ಕೆ ಗಾಜು ಒಡೆದಂತೆ ಬಿಡುವ ಟ್ರಿಗರ್ ಸಿಕ್ಕಿದರೆ ಕೈ ಕಡಿಮೆ ಅಲುಗುತ್ತದೆ. ಆಮೇಲೆ ಸೈಟ್. ಎರಡೂ ಬದಿ ಸೇಫ್ಟಿ ಎಡಗೈಯವರಿಗೆ ಸಾಕು. ಫಿನಿಶ್ ವಿಷಯದಲ್ಲಿ ಮಾತ್ರ ಕರಾವಳಿಯವನಾಗಿ ಹೇಳುತ್ತೇನೆ: ಭಾವ ಇರುವುದು ಸಮುದ್ರದ ಬದಿಯಾದರೆ ಸ್ಟೇನ್‌ಲೆಸ್ ಅಥವಾ ಹಾರ್ಡ್ ಕ್ರೋಮ್ ತೆಗೆದುಕೊಳ್ಳಲಿ. ಬ್ಲೂಯಿಂಗ್, ಅಂದರೆ ಉಕ್ಕಿಗೆ ಕೊಡುವ ನೀಲಿಗಪ್ಪು ಬಣ್ಣ, ನೋಡಲು ಚಂದ. ಆದರೆ ಉಪ್ಪು ಗಾಳಿ ಕಬ್ಬಿಣಕ್ಕೆ ಏನು ಮಾಡುತ್ತದೆ ಎಂದು ಮಲ್ಪೆಯಲ್ಲಿ ಗೇಟ್ ಹಾಕಿಸಿದವರನ್ನು ಕೇಳಿ. ಹೆಸರು ಕೆತ್ತಿಸುವುದು ಬೇಡವೇ ಬೇಡ, ಮಾರುವಾಗ ಯಾರಿಗೂ ನಿಮ್ಮ ಹೆಸರು ಬೇಡ.

ಮಾರುವ ಮಾತು ಬಂತಲ್ಲ, ಬೆಲೆಗೂ ಗುಣಕ್ಕೂ ಯಾವಾಗಲೂ ಸಂಬಂಧ ಇರುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಸಿಂಗರ್ ಕಂಪನಿ, ಹೌದು, ನಮ್ಮ ಅಜ್ಜಿಯ ಹೊಲಿಗೆ ಮೆಶಿನಿನ ಸಿಂಗರ್, ಸೈನ್ಯಕ್ಕೆ ಈ ಪಿಸ್ತೂಲ್ 500 ಮಾಡಿಕೊಟ್ಟಿತ್ತು. ಒಂದೊಂದಕ್ಕೆ ಇಂದು ಸಂಗ್ರಹಕಾರರು ಕೊಡುವ ದುಡ್ಡಿಗೆ ಸೆಮಿ-ಕಸ್ಟಮ್ ಹತ್ತಾರು ಬರುತ್ತವೆ. ಅದೂ ಸೈನ್ಯದ ಅಳತೆಯದ್ದೇ. ಅಲ್ಲಾಡಿಸಿದರೆ ಸದ್ದು ಬಂದೀತು.

ಯಾರೂ ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಬೇಕಾದದ್ದು ಅದೇ. ಇಲ್ಲಿ ನಮ್ಮ ಮಕ್ಕಳು 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತಾರಲ್ಲ, ಅಲ್ಲಿ ಕಸ್ಟಮ್ ಕೆಲಸಕ್ಕೆ ನಿಜವಾದ ಬೆಲೆ ಇದೆ. ಪಿಸ್ತೂಲಿಗಲ್ಲ, ಗ್ರಿಪ್‌ಗೆ. ಗುರಿಹಾಳೆಯ ನಡುವಿನ ಹತ್ತು ಅಂಕದ ಉಂಗುರ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಹೊಡೆಯಬೇಕಾದದ್ದು 60 ಗುಂಡು, ಒಂದೇ ಕೈಯಲ್ಲಿ ಹಿಡಿದು. ಅಪ್ಪಂದಿರು ಸಾಲ ಮಾಡಿ ದುಬಾರಿ ಪಿಸ್ತೂಲ್ ತರುತ್ತಾರೆ, ಗ್ರಿಪ್ ಮಾತ್ರ ದೊಡ್ಡವರ ಅಳತೆಯದ್ದು. ಹದಿಮೂರರ ಹುಡುಗಿಯ ಬೆರಳು ಟ್ರಿಗರ್ ಮುಟ್ಟಲು ಅಂಗೈಯನ್ನೇ ತಿರುಗಿಸಬೇಕಾಗುತ್ತದೆ. ಸ್ಕೋರ್ ಬರಲಿಲ್ಲ ಎಂದು ಆಮೇಲೆ ಮಗುವಿಗೆ ಬೈಗುಳ. ಮಗುವಿನ ಅಂಗೈಯನ್ನು ಬಿಳಿ ಹಾಳೆಯ ಮೇಲೆ ಇಡಿಸಿ, ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆದು, ಅದನ್ನು ನೋಡಿ ಗ್ರಿಪ್ ಆರಿಸಿ. ಮಿಕ್ಕಿದ್ದನ್ನು ಸ್ವಲ್ಪ ಪುಟ್ಟಿ ಮತ್ತು ಉಪ್ಪುಕಾಗದದಿಂದ ಸರಿ ಮಾಡಬಹುದು. ಹಾಳೆಯ ಮೇಲೆ ಬಲಗೈಯೋ ಎಡಗೈಯೋ ಎಂದು ಬರೆಯಿರಿ. ಹೋದ ವರ್ಷ ಒಬ್ಬರು ಬರೆಯದೆ ಕಳಿಸಿದ್ದರು, ಆ ಗ್ರಿಪ್ ಇನ್ನೂ ನನ್ನ ಕಪಾಟಿನಲ್ಲಿದೆ.