ಸುಂಕ ಇಳಿದರೂ ವೈನ್ ಗಡಿ ದಾಟುವುದು ಏಕೆ ಕಷ್ಟ?

ಓದುಗರ ಪ್ರಶ್ನೆ: ದೇಶಗಳು ಒಪ್ಪಂದ ಮಾಡಿಕೊಂಡು ವೈನ್ ಮೇಲಿನ ಆಮದು ಸುಂಕವನ್ನು ಇಳಿಸುತ್ತಲೇ ಇವೆ. ಆದರೂ ಸಣ್ಣ ವೈನರಿಗಳು ಹೊರದೇಶದ ಮಾರುಕಟ್ಟೆಗೆ ಕಾಲಿಡಲು ಹೆಣಗಾಡುವುದು ಏಕೆ?

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎನ್ನುವುದು ಹಳೆಯ ಮಾತು. ವೈನ್ ರಫ್ತಿನ ಮಟ್ಟಿಗೆ ಸುಂಕದವನೇ ವಾಸಿ. ಶೇಕಡಾ ಇಷ್ಟು ಎಂದು ಅವನು ಮೊದಲೇ ಹೇಳಿಬಿಡುತ್ತಾನೆ. ಅದನ್ನು ಬಾಟಲಿಯ ಬೆಲೆಗೆ ಸೇರಿಸಿಕೊಂಡು ಮುಂದೆ ಹೋಗಬಹುದು. ಲೆಕ್ಕಕ್ಕೆ ಸಿಗದವನು ಅವನ ಪಕ್ಕದ ಮೇಜಿನಲ್ಲಿ ಕುಳಿತಿರುತ್ತಾನೆ. ಪ್ರಯೋಗಾಲಯದ ವರದಿ ಎಲ್ಲಿ, ಮೂಲದ ಪ್ರಮಾಣಪತ್ರ ಎಲ್ಲಿ, ಲೇಬಲ್ಲಿನಲ್ಲಿ ಮದ್ಯಾಂಶವನ್ನು ಇಲ್ಲೇಕೆ ಬರೆದಿರಿ ಎಂದು ಕೇಳುವವನು ಅವನೇ.

ಈ ಕಾಗದಪತ್ರದ ಖರ್ಚಿಗೆ ಒಂದು ಕೆಟ್ಟ ಗುಣವಿದೆ. ಸುಂಕವು ಸರಕು ಹೆಚ್ಚಿದಂತೆ ಹೆಚ್ಚುತ್ತದೆ, ಕಡಿಮೆಯಾದಂತೆ ಕಡಿಮೆಯಾಗುತ್ತದೆ. ಪರೀಕ್ಷೆಯ ಶುಲ್ಕ ಹಾಗಲ್ಲ. ಒಂದು ಬಗೆಯ ವೈನನ್ನು ಐವತ್ತು ಪೆಟ್ಟಿಗೆ ಕಳುಹಿಸಿದರೂ ಐದು ಸಾವಿರ ಪೆಟ್ಟಿಗೆ ಕಳುಹಿಸಿದರೂ ವಿಶ್ಲೇಷಣೆಗೆ ತಗಲುವ ಹಣ ಹೆಚ್ಚುಕಡಿಮೆ ಒಂದೇ. ದೊಡ್ಡ ಕಂಪನಿಗೆ ಅದು ಗಮನಕ್ಕೇ ಬಾರದ ಮೊತ್ತ. ಹಲವು ಬಗೆಯ ವೈನ್ ಮಾಡಿ ಪ್ರತಿಯೊಂದರಲ್ಲೂ ಸ್ವಲ್ಪಸ್ವಲ್ಪವೇ ಕಳುಹಿಸುವ ಕುಟುಂಬದ ವೈನರಿಯ ಲಾಭವನ್ನು ಅದೇ ನುಂಗಿಬಿಡುತ್ತದೆ. ಐರೋಪ್ಯ ಒಕ್ಕೂಟವು ಹೊರಗಿನ ವೈನ್‌ಗೆ ಕೇಳುವ 'ವಿಐ-1' ಎಂಬ ದಾಖಲೆ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರಮಾಣಪತ್ರವೂ ವಿಶ್ಲೇಷಣಾ ವರದಿಯೂ ಅದರಲ್ಲೇ ಇರಬೇಕು. ಒಕ್ಕೂಟದಿಂದ ಹೊರಬಂದ ಬ್ರಿಟನ್ ಈ ನಿಯಮವನ್ನು ಉಳಿಸಿಕೊಂಡಿದ್ದರೆ ಫ್ರಾನ್ಸ್, ಇಟಲಿಗಳ ವೈನ್‌ಗೂ ಅದನ್ನು ಕೇಳಬೇಕಾಗುತ್ತಿತ್ತು. ಆಮದುದಾರರು ಗಟ್ಟಿಯಾಗಿ ವಿರೋಧಿಸಿದರು. 2022ರ ಜನವರಿ 1ರಿಂದ ಎಲ್ಲ ದೇಶಗಳ ವೈನ್‌ಗೂ ಅದನ್ನು ಕೈಬಿಡಲಾಯಿತು. ಅಷ್ಟು ಸುಲಭವಾಗಿ ಬಿಡಬಹುದಾಗಿದ್ದನ್ನು ಅಷ್ಟು ವರ್ಷ ಕೇಳಿದ್ದೇಕೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಸುಂಕ ತೆಗೆದರೆ ಸಾಕು ಎನ್ನುವವರು ಹಾಂಗ್‌ಕಾಂಗ್ ಕಡೆ ಬೆರಳು ತೋರಿಸುತ್ತಾರೆ. 2008ರ ಫೆಬ್ರುವರಿಯಲ್ಲಿ ಅಲ್ಲಿ ವೈನ್ ಸುಂಕ ಸೊನ್ನೆಯಾಯಿತು, ಕೆಲವೇ ವರ್ಷಗಳಲ್ಲಿ ಆ ನಗರ ಜಗತ್ತಿನ ದೊಡ್ಡ ವೈನ್ ಹರಾಜು ಕೇಂದ್ರಗಳಲ್ಲಿ ಒಂದಾಯಿತು. ಆದರೆ ಅಲ್ಲಿ ಸುಂಕದ ಜೊತೆಗೆ ಅದಕ್ಕೆ ಅಂಟಿಕೊಂಡಿದ್ದ ಪರವಾನಗಿ, ಪರ್ಮಿಟ್‌ಗಳೂ ಹೋದವು. ಕಾಪಾಡಿಕೊಳ್ಳಬೇಕಾದ ಸ್ವಂತ ದ್ರಾಕ್ಷಿ ಬೆಳೆಗಾರರೂ ಅಲ್ಲಿರಲಿಲ್ಲ. ಈ ಎರಡನ್ನು ಬಿಟ್ಟು ಕಥೆ ಹೇಳಿದರೆ ಅದು ಅರ್ಧ ಕಥೆ.

ಇನ್ನೊಂದು ತೊಡಕು ವೈನ್ ತಯಾರಿಸುವ ವಿಧಾನದ್ದು. ಓಕ್ ಪೀಪಾಯಿಯಲ್ಲಿಡುವ ಬದಲು ಓಕ್ ಮರದ ಚಕ್ಕೆಗಳನ್ನು ವೈನ್‌ಗೆ ಹಾಕಿ ಪರಿಮಳ ಬರಿಸುವುದು ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಮಾಮೂಲು ಪದ್ಧತಿಯಾಗಿದ್ದಾಗ ಯುರೋಪ್ ತನ್ನ ತಯಾರಕರಿಗೆ ಅದನ್ನು ಒಪ್ಪಿದ್ದು 2006ರಲ್ಲಿ. ಒಂದು ಕಡೆ ಕಾನೂನುಬದ್ಧವಾದ ಪಾನೀಯ ಇನ್ನೊಂದು ಕಡೆ ಅಕ್ರಮವಾಗಲು ಅದರಿಂದ ಆರೋಗ್ಯ ಕೆಡಬೇಕೆಂದೇನಿಲ್ಲ. ಆ ದೇಶ ಒಪ್ಪಿದ ವಿಧಾನಗಳ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸಾಕು.

ಇದಕ್ಕೆ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವ ಪರಿಹಾರ ಬಂದದ್ದು 'ವರ್ಲ್ಡ್ ವೈನ್ ಟ್ರೇಡ್ ಗ್ರೂಪ್' ಎಂಬ ಗುಂಪಿನಿಂದ. 1998ರಲ್ಲಿ ಶುರುವಾದ ಇದರಲ್ಲಿ ಸರ್ಕಾರಿ ಅಧಿಕಾರಿಗಳೂ ಉದ್ಯಮದವರೂ ಒಟ್ಟಿಗೆ ಕೂರುತ್ತಾರೆ. ಅಮೆರಿಕ, ಆಸ್ಟ್ರೇಲಿಯಾ, ಚಿಲಿ, ನ್ಯೂಜಿಲೆಂಡ್, ಕೆನಡಾ, ಅರ್ಜೆಂಟೀನಾ, ದಕ್ಷಿಣ ಆಫ್ರಿಕಾಗಳ ಜೊತೆಗೆ ಜಾರ್ಜಿಯಾವೂ ಇದರಲ್ಲಿದೆ. 2001ರ ಇವರ ಒಪ್ಪಂದದ ತಿರುಳು ಬಹಳ ಸರಳ: ನಿನ್ನ ದೇಶದ ಕಾನೂನಿನಂತೆ ಮಾಡಿದ ವೈನನ್ನು ನಾನು ಒಪ್ಪುತ್ತೇನೆ, ನನ್ನದನ್ನು ನೀನು ಒಪ್ಪು. ಎಲ್ಲರೂ ಒಂದೇ ನಿಯಮ ಬರೆಯಲು ಕುಳಿತಿದ್ದರೆ ಇವತ್ತಿಗೂ ಮುಗಿಯುತ್ತಿರಲಿಲ್ಲ. ಪರಸ್ಪರ ನಂಬಿಕೆಗೆ ಅಷ್ಟು ಸಮಯ ಬೇಕಾಗಲಿಲ್ಲ.

2007ರಲ್ಲಿ ಇದೇ ಗುಂಪು ಲೇಬಲ್ಲಿಗೆ ಕೈಹಾಕಿತು. ಒಂದು ದೇಶ ಮದ್ಯಾಂಶ ಮುಂದುಗಡೆ ಇರಲಿ ಎಂದರೆ ಇನ್ನೊಂದು ದೇಶ ಬಾಟಲಿಯಲ್ಲಿರುವ ವೈನಿನ ಪ್ರಮಾಣ ಮುಂದುಗಡೆ ಇರಲಿ ಎನ್ನುತ್ತಿತ್ತು. ಹೀಗಾಗಿ ಒಂದೇ ವೈನ್‌ಗೆ ಹಲವು ಲೇಬಲ್ ಅಚ್ಚು ಹಾಕಿಸಬೇಕಿತ್ತು. ಉತ್ಪನ್ನದ ಹೆಸರು, ಮೂಲ ದೇಶ, ಪ್ರಮಾಣ, ಮದ್ಯಾಂಶ ಎಂಬ ನಾಲ್ಕು ಸಂಗತಿಗಳು ಬಾಟಲಿ ತಿರುಗಿಸದೆ ಒಂದೇ ನೋಟಕ್ಕೆ ಕಾಣುವಂತಿದ್ದರೆ ಸಾಕು, ಮುಂದೋ ಹಿಂದೋ ಎಂಬ ತಕರಾರು ಬೇಡ ಎಂದು ತೀರ್ಮಾನವಾಯಿತು. ಆಮದು ಮಾಡಿಕೊಳ್ಳುವ ದೇಶ ಕೇಳುವ ಉಳಿದ ಎಚ್ಚರಿಕೆಗಳು ಬೇರೊಂದು ಚೀಟಿಯಲ್ಲಿ ಹೋಗಬಹುದು. ಗುಂಪಿನ ಹೊರಗೆ ತಕರಾರು ಹಾಗೆಯೇ ಇದೆ. ಶೇ 12.5 ಎಂದು ಬರೆದ ಬಾಟಲಿಯಲ್ಲಿ ನಿಜವಾಗಿ ಶೇ 13.6 ಮದ್ಯಾಂಶವಿದ್ದರೆ ಅಮೆರಿಕದಲ್ಲಿ ಅದು ತಪ್ಪಲ್ಲ. ಅಲ್ಲಿ ಶೇ 14ರವರೆಗಿನ ವೈನ್‌ಗೆ 1.5ರಷ್ಟು ವ್ಯತ್ಯಾಸ ನಡೆಯುತ್ತದೆ. ಯುರೋಪಿನಲ್ಲಿ ಸಾಮಾನ್ಯವಾಗಿ 0.5 ದಾಟುವಂತಿಲ್ಲ. 2023ರ ಡಿಸೆಂಬರ್‌ನಿಂದ ಅಲ್ಲಿ ಪದಾರ್ಥಗಳ ಪಟ್ಟಿ ಮತ್ತು ಪೋಷಕಾಂಶದ ವಿವರವೂ ಕಡ್ಡಾಯ, ಕ್ಯೂಆರ್ ಕೋಡ್ ಮೂಲಕ ಕೊಟ್ಟರೂ ಆದೀತು ಎಂಬ ರಿಯಾಯಿತಿಯೊಂದಿಗೆ.

ಹೆಸರಿನ ಜಗಳ ಮಾತ್ರ ಬೇರೆ ಜಾತಿಯದು. ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದದ 23ನೇ ವಿಧಿ ವೈನ್ ಮತ್ತು ಮದ್ಯಗಳ ಊರಿನ ಹೆಸರಿಗೆ ವಿಶೇಷ ರಕ್ಷಣೆ ಕೊಡುತ್ತದೆ. ಶಾಂಪೇನ್ ಎಂಬುದು ಫ್ರಾನ್ಸಿನ ಒಂದು ಪ್ರದೇಶದ ಹೆಸರು; ಬೇರೆಡೆ ಮಾಡಿದ ವೈನ್‌ಗೆ 'ಶಾಂಪೇನ್ ಶೈಲಿಯ' ಎಂದು ಬರೆದು ನುಣುಚಿಕೊಳ್ಳುವಂತೆಯೂ ಇಲ್ಲ. ರಫ್ತುದಾರರು ಇದನ್ನೂ ಅಡ್ಡಿಯ ಪಟ್ಟಿಗೆ ಸೇರಿಸುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಆಸ್ಟ್ರೇಲಿಯಾ ಐರೋಪ್ಯ ಒಕ್ಕೂಟದೊಡನೆ ಮಾಡಿಕೊಂಡು 2010ರಲ್ಲಿ ಜಾರಿಗೆ ತಂದ ಒಪ್ಪಂದದಲ್ಲಿ ಶಾಂಪೇನ್, ಶೆರಿ, ಪೋರ್ಟ್ ಹೆಸರುಗಳನ್ನು ಬಿಟ್ಟುಕೊಟ್ಟು, ಬದಲಿಗೆ ತನ್ನ ತಯಾರಿಕಾ ವಿಧಾನಗಳಿಗೆ ಒಪ್ಪಿಗೆ ಪಡೆಯಿತು. ವೈನ್‌ಗೆ ಹೆಸರಾದ ತನ್ನದೇ ಪ್ರದೇಶ ಬರೋಸಾದ ಹೆಸರಿದ್ದಾಗ ಎರವಲು ಹೆಸರು ಯಾಕೆ ಬೇಕು?

ಸುಂಕ ಎಂದಿಗೂ ಮುಖ್ಯವಲ್ಲ ಎಂದಲ್ಲ. 2021ರಲ್ಲಿ ಚೀನಾ ಆಸ್ಟ್ರೇಲಿಯಾದ ವೈನ್ ಮೇಲೆ ಶೇ 218.4ರವರೆಗೂ ಸುಂಕ ಹೇರಿದಾಗ ಅಲ್ಲಿನ ವ್ಯಾಪಾರ ನೆಲಕಚ್ಚಿತು. ಅದು ತೆರವಾದದ್ದು 2024ರ ಮಾರ್ಚ್‌ನಲ್ಲಿ. ಜಾರ್ಜಿಯಾಕ್ಕೆ ಬಿದ್ದ ಪೆಟ್ಟಿನಲ್ಲಿ ಸುಂಕದ ಹೆಸರೇ ಇರಲಿಲ್ಲ. 2006ರಲ್ಲಿ ಕೀಟನಾಶಕದ ಕಾರಣ ಹೇಳಿ ರಷ್ಯಾ ಅದರ ವೈನ್ ನಿಷೇಧಿಸಿತು, ಹಿಂದೆ ರಾಜಕೀಯವಿತ್ತು. ಅತಿ ದೊಡ್ಡ ಮಾರುಕಟ್ಟೆ ಮುಚ್ಚಿದ ಮೇಲೆ ಜಾರ್ಜಿಯಾದವರು ಗುಣಮಟ್ಟ ಸುಧಾರಿಸಿಕೊಂಡು ಬೇರೆ ದೇಶಗಳಿಗೆ ಹೋದರು. 2013ರಲ್ಲಿ ನಿಷೇಧ ಹೋಯಿತು, ರಷ್ಯಾ ಮತ್ತೆ ಅವರ ಅತಿ ದೊಡ್ಡ ಗಿರಾಕಿಯಾಯಿತು.

ಬಂದರು ದಾಟಿದ ಮೇಲೂ ಕಥೆ ಮುಗಿಯುವುದಿಲ್ಲ. ಕೆನಡಾದ ಬಹುತೇಕ ಪ್ರಾಂತ್ಯಗಳಲ್ಲಿ ಮದ್ಯ ಆಮದು ಸರ್ಕಾರಿ ಮಂಡಳಿಗಳ ಕೈಯಲ್ಲಿದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಕಿರಾಣಿ ಅಂಗಡಿಯ ಕಪಾಟುಗಳನ್ನು ಆ ಪ್ರಾಂತ್ಯದ ವೈನ್‌ಗೆ ಮಾತ್ರ ಮೀಸಲಿಟ್ಟಾಗ 2017ರಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ದಿತು. ಅದೇ ಅಮೆರಿಕದ ಯೂಟಾ ರಾಜ್ಯದಲ್ಲಿ ಇಂದಿಗೂ ವೈನ್ ಮಾರುವುದು ಸರ್ಕಾರವೇ.