ಆವರಣದೊಳಗಿನ ಮೂರಕ್ಷರ: ಪಿಟಿಐ ಮತ್ತು ಚಂದಾ ಹಣದ ಕಥೆ

ಕನ್ನಡ ದಿನಪತ್ರಿಕೆಗಳಲ್ಲಿ ‘ನವದೆಹಲಿ (ಪಿಟಿಐ)’ ಎಂದು ಆರಂಭವಾಗುವ ವರದಿಯನ್ನು ನಿತ್ಯ ಓದುವವರು ಆ ಮೂರಕ್ಷರವನ್ನು ಗಮನಿಸುವುದು ಕಡಿಮೆ. ಆಕಾಶವಾಣಿ, ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿಯು 2020ರ ಅಕ್ಟೋಬರ್‌ನಲ್ಲಿ ಪತ್ರಿಕೆಗಳಿಗೆ ಸುದ್ದಿ ಒದಗಿಸುವ ಪಿಟಿಐ (ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ) ಮತ್ತು ಯುಎನ್‌ಐ (ಯುನೈಟೆಡ್ ನ್ಯೂಸ್ ಆಫ್ ಇಂಡಿಯಾ) ಸಂಸ್ಥೆಗಳ ಚಂದಾ ರದ್ದುಪಡಿಸಿದ ಮೇಲೆ, 2023ರಲ್ಲಿ ಯುಎನ್‌ಐ ದಿವಾಳಿ ಪ್ರಕ್ರಿಯೆಗೆ ಒಳಪಟ್ಟ ಮೇಲೆ, ಸುದ್ದಿಸಂಸ್ಥೆ ಯಾರ ದುಡ್ಡಿನಲ್ಲಿ ನಡೆಯಬೇಕು ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿದೆ.

ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ 1947ರ ಆಗಸ್ಟ್ 27ರಂದು ಮದ್ರಾಸಿನಲ್ಲಿ ನೋಂದಣಿಯಾಯಿತು. ಬ್ರಿಟನ್ನಿನ ಸುದ್ದಿಸಂಸ್ಥೆ ರಾಯಿಟರ್ಸ್ ಹಿಡಿತದಲ್ಲಿದ್ದ ಅಸೋಸಿಯೇಟೆಡ್ ಪ್ರೆಸ್ ಆಫ್ ಇಂಡಿಯಾದ ಕೆಲಸವನ್ನು ವಹಿಸಿಕೊಂಡು 1949ರ ಫೆಬ್ರುವರಿಯಿಂದ ಸುದ್ದಿ ಕೊಡತೊಡಗಿತು. ಪತ್ರಿಕೆಗಳೇ ಅದರ ಒಡೆಯರು, ಪತ್ರಿಕೆಗಳೇ ಗಿರಾಕಿಗಳು. ಒಡೆಯನೇ ಗಿರಾಕಿಯಾದಾಗ ದರ ಏರಿಸುವುದು ಕಷ್ಟವೆಂದು ಬೇರೆ ಹೇಳಬೇಕಿಲ್ಲ. 1961ರಲ್ಲಿ ಪೈಪೋಟಿಗೆ ಯುಎನ್‌ಐ ಬಂತು. ಭಾರತೀಯ ಭಾಷೆಗಳಲ್ಲಿ ಹಿಂದೂಸ್ಥಾನ್ ಸಮಾಚಾರ್ ಮತ್ತು ಸಮಾಚಾರ್ ಭಾರತಿ ಇದ್ದವು. ಇವುಗಳೆಲ್ಲದರ ದೊಡ್ಡ ಚಂದಾದಾರ ಆಕಾಶವಾಣಿ. ದೂರದಿಂದ ಬಂದ ಸುದ್ದಿಯನ್ನು ಕಾಗದದ ಮೇಲೆ ಅಚ್ಚಿಸುವ ಟೆಲಿಪ್ರಿಂಟರ್ ಯಂತ್ರಗಳಿಗೆ ಸುದ್ದಿ ಹರಿಸುವ ತಂತಿಗಳು ಅಂಚೆ ಮತ್ತು ತಂತಿ ಇಲಾಖೆಯವು. ಎರಡೂ ಸರ್ಕಾರದ ಕೈಯಲ್ಲಿದ್ದವು.

ಇದರ ಅರ್ಥವೇನೆಂಬುದು ತುರ್ತುಪರಿಸ್ಥಿತಿಯಲ್ಲಿ ತಿಳಿಯಿತು. ನಾಲ್ಕೂ ಸಂಸ್ಥೆಗಳು 1976ರ ಫೆಬ್ರುವರಿಯಲ್ಲಿ ‘ಸಮಾಚಾರ್’ ಎಂಬ ಒಂದೇ ಹೆಸರಿನಡಿ ಸೇರಿದವು. ಆಡಳಿತ ಮಂಡಳಿಗಳು ಒಪ್ಪಿ ನಿರ್ಣಯ ಕೈಗೊಂಡಿದ್ದವು ಎಂದು ಕಡತಗಳು ಹೇಳುತ್ತವೆ. ಚಂದಾ ನಿಲ್ಲುವ ಭಯ ಎದುರಿಗಿದ್ದಾಗ ಕೊಟ್ಟ ಒಪ್ಪಿಗೆಯ ತೂಕ ಎಷ್ಟೆಂಬುದು ಬೇರೆ ಮಾತು. ಆಗಿನ ಸುದ್ದಿಮನೆಗಳಲ್ಲಿ ಗಂಟೆ ಬಾರಿಸುತ್ತ, ಕಟಕಟ ಸದ್ದು ಮಾಡುತ್ತ ಯಂತ್ರ ಕಾಗದದ ಸುರುಳಿ ಬಿಚ್ಚುತ್ತಿತ್ತು. ಉಪಸಂಪಾದಕ ಅದನ್ನು ಹರಿದುಕೊಂಡು, ಇಂಗ್ಲಿಷಿನ ದೊಡ್ಡಕ್ಷರಗಳ ಸಾಲುಗಳನ್ನು ಕನ್ನಡಕ್ಕೆ ಇಳಿಸುತ್ತಿದ್ದ. ಎರಡು ಯಂತ್ರಗಳಿದ್ದಾಗ ಒಂದರ ವರದಿಯನ್ನು ಇನ್ನೊಂದರ ಎದುರಿಟ್ಟು ನೋಡಬಹುದಿತ್ತು. ಸಮಾಚಾರ್ ಬಂದ ಮೇಲೆ ಹೋಲಿಸಲು ಎರಡನೆಯ ವರದಿಯೇ ಇರಲಿಲ್ಲ, ಬಂದದ್ದೂ ಸೆನ್ಸಾರಿನ ಸೋಸುಬಟ್ಟೆ ದಾಟಿದ್ದು.

1977ರಲ್ಲಿ ಸರ್ಕಾರ ಬದಲಾಯಿತು. ಪತ್ರಕರ್ತ ಕುಲದೀಪ್ ನಯ್ಯರ್ ಅಧ್ಯಕ್ಷತೆಯ ಸಮಿತಿಯು ಹಳೆಯ ನಾಲ್ಕನ್ನು ಮರಳಿ ತರುವ ಬದಲು, ಭಾರತೀಯ ಭಾಷೆಗಳಿಗೊಂದು, ಇಂಗ್ಲಿಷಿಗೊಂದು ಸಂಸ್ಥೆ ಇರಲೆಂದು ಸೂಚಿಸಿತು. ಅದನ್ನು ಬದಿಗಿಟ್ಟು 1978ರ ಏಪ್ರಿಲ್ 14ರಂದು ನಾಲ್ಕೂ ಸಂಸ್ಥೆಗಳನ್ನು ಮೊದಲಿನಂತೆ ಬೇರ್ಪಡಿಸಲಾಯಿತು. ಹೆಸರುಗಳು ಮರಳಿದವು, ಆದಾಯದ ಮೂಲ ಮಾತ್ರ ಬದಲಾಗಲಿಲ್ಲ. ಭಾಷೆಗಳ ಪ್ರಶ್ನೆಯೂ ಅರ್ಧಕ್ಕೇ ನಿಂತಿತು: ಯುಎನ್‌ಐ 1982ರಲ್ಲಿ, ಪಿಟಿಐ 1986ರಲ್ಲಿ ಹಿಂದಿ ಸೇವೆ ಆರಂಭಿಸಿದವು. ಕನ್ನಡದ ಡೆಸ್ಕಿನಲ್ಲಿ ಅನುವಾದ ಮುಂದುವರಿಯಿತು.

ಮುಂದಿನ ನಾಲ್ಕು ದಶಕಗಳಲ್ಲಿ ಟೆಲಿಪ್ರಿಂಟರ್ ಹೋಗಿ ಉಪಗ್ರಹ, ಕಂಪ್ಯೂಟರ್, ಮೊಬೈಲ್ ಬಂದವು. ಸುದ್ದಿ ಪುಕ್ಕಟೆ ಸಿಗುವ ಕಾಲದಲ್ಲಿ ಪತ್ರಿಕೆಗಳ ಆದಾಯವೇ ಕುಗ್ಗಿ, ಎರಡೆರಡು ಸಂಸ್ಥೆಗಳಿಗೆ ಚಂದಾ ಏಕೆ ಎಂಬ ಲೆಕ್ಕಾಚಾರ ಬಲವಾಯಿತು. ಆ ಲೆಕ್ಕಾಚಾರದ ಪೆಟ್ಟು ಎರಡನೆಯ ಸ್ಥಾನದಲ್ಲಿದ್ದ ಯುಎನ್‌ಐಗೆ ಹೆಚ್ಚು ತಗುಲಿತು; ಅಲ್ಲಿನ ನೌಕರರ ವೇತನ ಬಾಕಿ ಬೆಳೆಯುತ್ತ ಹೋಗಿ, ವಿಷಯ ಕಂಪನಿ ಕಾನೂನು ನ್ಯಾಯಮಂಡಳಿಯ ಮೆಟ್ಟಿಲೇರಿತು. ಪಿಟಿಐ 2023ರಲ್ಲಿ ವಿಡಿಯೊ ಸೇವೆ ತೆರೆದು ಹೊಸ ಗಿರಾಕಿಗಳನ್ನು ಅರಸತೊಡಗಿತು. ಅದೇ ವರ್ಷ ಪ್ರಸಾರ ಭಾರತಿಯು ತನ್ನ ಸುದ್ದಿಗಾಗಿ ಹಿಂದೂಸ್ಥಾನ್ ಸಮಾಚಾರ್ ಜೊತೆ ಒಪ್ಪಂದ ಮಾಡಿಕೊಂಡಿತು.