ಮಂಡಿ ಆಪರೇಶನ್ ಆದಮೇಲೆ ನೋವಿನ ಮಾತ್ರೆ ತಿಂದರೆ ಕಿಡ್ನಿ ಹೋಗುತ್ತಾ?

ಪ್ರಶ್ನೆ: ಅಮ್ಮನಿಗೆ ಶಿವಮೊಗ್ಗದಲ್ಲಿ ಮಂಡಿ ಬದಲಾವಣೆ ಆಪರೇಶನ್ ಆಗಿದೆ. ನೋವಿನ ಮಾತ್ರೆ ಮೂರು ಹೊತ್ತು ಬರೆದುಕೊಟ್ಟಿದ್ದಾರೆ. ಕಿಡ್ನಿ ಹಾಳಾಗುತ್ತೆ ಅಂತ ಅಮ್ಮ ಹಗಲೆಲ್ಲ ತಡೆದುಕೊಂಡು ರಾತ್ರಿ ಮಾತ್ರ ತಗೊಳ್ತಾರೆ. ಇದು ಸರೀನಾ? (ತೀರ್ಥಹಳ್ಳಿಯ ಓದುಗರೊಬ್ಬರು)

ಸರಿಯಲ್ಲ. ಇದನ್ನೇ ಸಾಗರದವರಿಗೂ ಹೇಳಿದ್ದೇನೆ, ಹೊಸನಗರದವರಿಗೂ ಹೇಳಿದ್ದೇನೆ. ಆಪರೇಶನ್ ಆದವರನ್ನು ನೋಡಲು ಹಾರ್ಲಿಕ್ಸ್ ಬಾಟಲಿ ಹಿಡಿದು ಬರುವ ನೆಂಟರು ಮತ್ತೆ ಅದೇ ಹೆದರಿಕೆ ಹಚ್ಚಿ ಹೋಗುತ್ತಾರೆ. ಇರಲಿ, ಇನ್ನೊಂದು ಸಲ ಹೇಳುತ್ತೇನೆ.

ನೋವಿನ ಮಾತ್ರೆ ಎಲ್ಲಾ ಒಂದೇ ಅಂದುಕೊಂಡಿದ್ದೇ ಮೊದಲ ತಪ್ಪು. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೇರೆ. ಅದರಲ್ಲಿ ನೋಡಬೇಕಾದ್ದು ಮುಖ್ಯವಾಗಿ ಲಿವರ್. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ಸಣಕಲು ಮೈಯವರಿಗೆ, ಕುಡಿಯುವವರಿಗೆ ಅದಕ್ಕಿಂತ ಕಡಿಮೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಇನ್ನೊಂದು ಜಾತಿ. ಕಿಡ್ನಿಗೆ ರಕ್ತ ಸಲೀಸಾಗಿ ಹರಿಯುವಂತೆ ನೋಡಿಕೊಳ್ಳುವ ಪ್ರೊಸ್ಟಗ್ಲಾಂಡಿನ್ ಎಂಬ ಪದಾರ್ಥವನ್ನು ಇವು ತಗ್ಗಿಸುತ್ತವೆ. ವಯಸ್ಸಾದವರಿಗೆ, ಶುಗರ್ ಬಿಪಿ ಇರುವವರಿಗೆ, ನೀರೇ ಕುಡಿಯದವರಿಗೆ ಇದರಿಂದ ನಿಜಕ್ಕೂ ಅಪಾಯ ಇದೆ. ಅದಕ್ಕೇ ಆಪರೇಶನ್‌ಗೆ ಮುಂಚೆ ರಕ್ತ ತೆಗೆದು, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ನೋಡುವುದು. ಕಿಡ್ನಿ ಸರಿ ಇದ್ದವರಿಗೆ ಲೆಕ್ಕ ಹಾಕಿ ಕೆಲವು ದಿನಕ್ಕೆ ಬರೆಯುತ್ತಾರೆ. ಇಲ್ಲದಿದ್ದರೆ ಆ ಜಾತಿಯ ತಂಟೆಗೇ ಹೋಗುವುದಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಕತ್ತಿ ಮುಂದೆ ತಾಸುಗಟ್ಟಲೆ ಕೂರುತ್ತಾರೆ. ಸಂಜೆ ಮಂಡಿ ಹಿಡಿದರೆ ಪೇಟೆಗೆ ಹೊರಟವರ ಕೈಲಿ 'ಆ ಕೆಂಪು ಮಾತ್ರೆ ಒಂದು ಶೀಟ್ ತಾ' ಅನ್ನುತ್ತಾರೆ. ಚೀಟಿ ಇಲ್ಲ, ರಕ್ತಪರೀಕ್ಷೆ ಇಲ್ಲ, ವರ್ಷಗಟ್ಟಲೆ ಇದೇ ನಡೆಯುತ್ತದೆ. ಕಿಡ್ನಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಹೀಗೆ. ಆಗ ಬಾರದ ಭಯ ಡಾಕ್ಟರ್ ನೋಡಿ ಬರೆದ ಹತ್ತು ದಿನದ ಚೀಟಿಗೆ ಬರುತ್ತದಲ್ಲ! ಇನ್ನೊಂದು: ಅಂಗಡಿಯ ಎಷ್ಟೋ ಮಾತ್ರೆಯಲ್ಲಿ ಅಸೆಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ. ಅದರ ಮೇಲೆ ಡೋಲೋ ನುಂಗಿದರೆ ಪ್ಯಾರಾಸಿಟಮಾಲ್ ಡಬಲ್. ಶೀಟಿನ ಹಿಂದಿರುವ ಸಣ್ಣ ಅಕ್ಷರವನ್ನು ಒಮ್ಮೆ ಓದಿ. ಕಾಲು ಊದಿದರೆ, ಮೂತ್ರ ಕಡಿಮೆಯಾದರೆ, ಮಲ ಕಪ್ಪಗೆ ಹೋದರೆ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ.

ಹಾಗಾದ್ರೆ ತಡೆದುಕೊಂಡರೆ ಏನು ನಷ್ಟ? ನೋವಿದ್ದರೆ ಮಂಡಿ ಮಡಚುವುದಿಲ್ಲ, ಮೊದಲ ವಾರಗಳಲ್ಲಿ ಮಡಚದ ಮಂಡಿ ಆಮೇಲೆ ಬಿಗಿಯಾಗುತ್ತದೆ. ನಡೆಯದೆ ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಜಾಸ್ತಿ. ನೋವು ಏರಿದ ಮೇಲೆ ಮಾತ್ರೆ ಹುಡುಕುವುದು, ಬದು ಒಡೆದ ಮೇಲೆ ಗುದ್ದಲಿ ಹುಡುಕಿದಂತೆ.

ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ ಹಿಡಿದದ್ದು ಇದೇ ದಾರಿ. ಅವರು ಮೂಳೆ ಡಾಕ್ಟರಲ್ಲ, ಹೊಟ್ಟೆ ಆಪರೇಶನ್ ಮಾಡುವವರು. ಒಂದೇ ಔಷಧ ಸುರಿಯುವ ಬದಲು ಬೇರೆ ಬೇರೆ ರೀತಿ ಕೆಲಸ ಮಾಡುವ ಔಷಧಗಳನ್ನು ಸೇರಿಸಿ ಕೊಡಿ ಎಂದು 1993ರಲ್ಲಿ ಜೊತೆಗಾರ ಡಾಲ್ ಜೊತೆ ಬರೆದರು. ನಿಮ್ಮಮ್ಮನ ಚೀಟಿಯಲ್ಲಿ ಎರಡು ಮೂರು ಹೆಸರು ಇದ್ದರೆ ಅದು ದುಡ್ಡು ಕೀಳಲು ಅಲ್ಲ, ಇದಕ್ಕೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮೂಳೆ ಸರ್ಜನ್ ಲಾರೆನ್ಸ್ ಕೋಹನ್ ಮತ್ತು ಅರಿವಳಿಕೆ ವೈದ್ಯ ಡೆನಿಸ್ ಕೆರ್ ಇನ್ನೊಂದು ದಾರಿ ತೋರಿಸಿದರು. ಆಪರೇಶನ್ ನಡೆಯುವಾಗಲೇ ಕೀಲಿನ ಸುತ್ತಲಿನ ಮಾಂಸಕ್ಕೆ ಮರಗಟ್ಟಿಸುವ ಔಷಧ ಚುಚ್ಚಿದರು. ಮಂಡಿ, ಸೊಂಟದ ಆಪರೇಶನ್ ಆದ 325 ಜನರ ವಿವರವನ್ನು 2008ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ಐದಾರು ಗಂಟೆಯಲ್ಲಿ ಆಸರೆ ಹಿಡಿದು ನಡೆದಿದ್ದರು. ಮೂರರಲ್ಲಿ ಎರಡು ಪಾಲು ಜನಕ್ಕೆ ಆಮೇಲೆ ಮಾರ್ಫಿನ್ ಎಂಬ ಜೋರು ನೋವಿನ ಔಷಧ ಬೇಕಾಗಲಿಲ್ಲ. ಈಗ ನಮ್ಮ ಕಡೆಯೂ ಇಂಥ ಇಂಜೆಕ್ಷನ್ ಕೊಡುತ್ತಾರೆ. ಅದರ ಪ್ರಭಾವ ಇಳಿದಾಗ ನೋವು ಏರುವುದು ಸಹಜ. 'ಮೊದಲ ದಿನ ಚೆನ್ನಾಗಿದ್ರು, ಎರಡನೇ ದಿನ ಏನೋ ಕೆಡಿಸಿದ್ರು' ಅಂತ ಸುಮ್ನೆ ಗಲಾಟೆ ಬೇಡ.

ನೀವು ಕೇಳಲಿಲ್ಲ, ಆದರೂ ಕೇಳುತ್ತೇನೆ. ಅಮ್ಮನ ಮಂಡಿ ಕೆಳಗೆ ದಿಂಬು ಇಟ್ಟಿದ್ದೀರಾ? ಮನೆಮನೆಯಲ್ಲೂ ಇಡುತ್ತಾರೆ. ಹಾಯೆನಿಸುತ್ತದೆ, ನಿಜ. ಆದರೆ ಸದಾ ಅರ್ಧ ಮಡಚಿಕೊಂಡೇ ಇರುವ ಮಂಡಿ ನೆಟ್ಟಗಾಗುವುದನ್ನೇ ಮರೆಯುತ್ತದೆ, ಆಮೇಲೆ ನಡೆದರೆ ಕುಂಟು. ಬೇರೆ ಏನೂ ಹೇಳಿಲ್ಲದಿದ್ದರೆ ದಿಂಬು ತೆಗೆದುಬಿಡಿ. ಟವೆಲ್ ಸುರುಳಿ ಸುತ್ತಿ ಹಿಮ್ಮಡಿ ಕೆಳಗೆ ಇಡಿ, ಮಂಡಿ ಕೆಳಗೆ ಖಾಲಿ ಇರಲಿ. ಹಗಲಿನಲ್ಲಿ ನಾಲ್ಕೈದು ಸಲ, ಒಂದೊಂದು ಸಲ ಹತ್ತು ನಿಮಿಷ. ಅಮ್ಮ ಬೈತಾರೆ, ಯಾಕಂದ್ರೆ ಅದು ನೋಯುತ್ತದೆ. ಹಾಗಾಗಿ ಬೆಳಗಿನ ಮಾತ್ರೆ ನುಂಗಿ ಮುಕ್ಕಾಲು ಗಂಟೆ ಆದಮೇಲೆ ಶುರುಮಾಡಿ.